ಮೈ ಒದರದ ಇಲಿ

ಮಳೆ ಬಂದ ದಿನ ನಾನು ಪಾಠ ಸರಿಯಾಗಿ ಮಾಡುವುದಿಲ್ಲ. ಹೊನ್ನಾಳಿಯ ನಮ್ಮ ಕಾಲೇಜಿಗೆ ಹುಡುಗಿಯರು ಬಸ್ ಸ್ಟ್ಯಾಂಡಿನಿಂದ ಓಡಿಬಂದು, ಬಾಗಿಲಲ್ಲಿ ನಿಂತು, ತಲೆ ಕೊಡವಿ, ಮೈ ಒದರಿ ಒಳಗೆ ಬರುತ್ತಾರೆ. ನಾನು ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಯಾರು ಒದರಿದರು, ಯಾರು ಒದರಲಿಲ್ಲ ಎಂದು ನೋಡುತ್ತಾ ಕೂತಿರುತ್ತೇನೆ. ಯಾವಳಾದರೂ ಒಬ್ಬಳು ಒದ್ದೆ ಮೈಯಲ್ಲೇ ಸುಮ್ಮನೆ ಬಂದು ಬೆಂಚಿನ ಮೇಲೆ ಕೂತಳೋ, ಹುಷಾರಿದ್ದೀಯೇನಮ್ಮಾ ಎಂದು ಎರಡೆರಡು ಸಲ ಕೇಳುತ್ತೇನೆ. ಮಳೆ ಬಂದರೆ ಈ ಮೇಡಂಗೆ ತಲೆ ಕೆಡುತ್ತದೆ ಎಂದು ಅವರು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಕಾರಣ ಒಂದು ಬಿಳಿ ಇಲಿ ಎಂದರೆ ಇನ್ನೂ ನಗುತ್ತಾರೆ.

ನಮ್ಮದು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಪ್ಪ ಕುರಿ ಸಾಕಿದವನು, ಈಗಲೂ ಸಾಕುತ್ತಿದ್ದಾನೆ. ವರ್ಷಕ್ಕೊಮ್ಮೆ ಮನೆದೇವರಿಗೆ ಒಂದು ಟಗರು ಕೊಡುವುದು ನಮ್ಮಲ್ಲಿ ನಡೆದುಬಂದದ್ದು. ಹಾಗಂತ ಹಿಡಿದು ತಂದು ಕಡಿಯುವಂತಿಲ್ಲ. ಅಪ್ಪ ಅರಿಶಿನದ ನೀರನ್ನು ಅದರ ಕೊಂಬಿನ ನಡುವೆ, ಬೆನ್ನ ಮೇಲೆ ಚಿಮುಕಿಸಿ ಕೈಕಟ್ಟಿ ನಿಲ್ಲುತ್ತಾನೆ. ಟಗರು ಮೈ ಒದರಬೇಕು. ಒದರಿದರೆ ಒಪ್ಪಿಗೆ ಕೊಟ್ಟಿತು ಎಂದು ಅರ್ಥ. ಒದರುವವರೆಗೆ ನೆಂಟರು, ಮಕ್ಕಳು, ಮಾಂಸ ಬೇಯಿಸಲು ಒಲೆ ಹೂಡಿದವರು ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯಬೇಕು.

ನಾನು ಕಂಬದ ಮರೆಯಲ್ಲಿ ನಿಂತು, ಒದರಬೇಡ, ಒದರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹಾಳಾದವು, ಪ್ರತಿ ವರ್ಷವೂ ಒದರುತ್ತಿದ್ದವು. ಒಂದೇ ಒಂದು ವರ್ಷ, ನಾನು ಆರನೆಯ ಕ್ಲಾಸಿನಲ್ಲಿದ್ದಾಗ, ಟಗರೊಂದು ಮೂರು ಸಲ ನೀರು ಹಾಕಿದರೂ ಅಲ್ಲಾಡದೆ ನಿಂತಿತು. ಅಪ್ಪ ಹಗ್ಗ ಬಿಚ್ಚಿ ಅದನ್ನು ಹಿತ್ತಲಿಗೆ ಕರೆದುಕೊಂಡು ಹೋದ. ನಾನು ಕುಣಿದಾಡಿದ್ದಕ್ಕೆ ದೊಡ್ಡಮ್ಮ ತಲೆಗೆ ಮೊಟಕಿದಳು. ಮಾರನೆಯ ದಿನವೇ ನಾನು, ಆ ವರ್ಷವಷ್ಟೇ ಸೇರಿದ್ದ ಹಾಸ್ಟೆಲಿಗೆ ವಾಪಸ್ ಹೋದೆ. ಆ ಟಗರು ಒಲ್ಲೆ ಎಂದಿತು, ಅದಕ್ಕೇ ಬದುಕಿಕೊಂಡಿತು ಎಂದು ನಂಬಿಕೊಂಡು ದೊಡ್ಡವಳಾದೆ. ಆಮೇಲೆ ಅದು ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ.

ಓದಿ ಓದಿ ಕೊನೆಗೆ ನಾನು ಬಂದು ನಿಂತದ್ದು ಒಂದು ಕಾಲೇಜಿನ ಪ್ರಾಣಿಗಳ ಕೋಣೆಯಲ್ಲಿ, ಬಿಳಿ ಇಲಿಗಳ ಮುಂದೆ. ಅದು ನನ್ನ ಪಿಎಚ್‌ಡಿ ಕೆಲಸ. ಚನ್ನಗಿರಿಯಲ್ಲಿ ಒಂದು ಅಡಿಕೆ ಮಂಡಿಯ ಮಹಡಿಯ ಮೇಲೆ ಬಾಡಿಗೆ ಕೋಣೆ ಹಿಡಿದಿದ್ದೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವುದು. ವಿಷಯ ಸತುವಿನ ಆಕ್ಸೈಡ್. ಬೇಸಿಗೆಯಲ್ಲಿ ಬೆವರುಸಾಲೆಗೆ ಹಚ್ಚುವ ಮುಲಾಮಿನಲ್ಲಿರುವ ಬಿಳಿ ಪುಡಿಯೇ ಅದು. ಆದರೆ ಅದನ್ನೇ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಾಗಿ ಮಾಡಿದರೆ ಅದರ ನಡತೆ ಬದಲಾಗುತ್ತದೆ. ದಪ್ಪ ಪುಡಿ ಹೋಗಲಾರದ ಕಡೆಗೆಲ್ಲ ಅದು ಹೋಗಬಲ್ಲದು. ಕರುಳು ದಾಟಿ ರಕ್ತಕ್ಕೆ, ರಕ್ತದಿಂದ ಲಿವರಿಗೆ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಸತುವಿನ ಕೊರತೆ ಜಾಸ್ತಿ. ಎಲೆಗೆ ಹೊಡೆಯಲು ಈ ಸಣ್ಣ ಪುಡಿ ಬರಲಿದೆ ಎಂಬ ಮಾತು ಆಗಲೇ ಇತ್ತು. ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಇಲಿಗಳಲ್ಲಿ ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ಆರಾರು ಇಲಿಗಳ ನಾಲ್ಕು ಗುಂಪು. ಒಂದು ಗುಂಪಿಗೆ ಬರೀ ನೀರು. ಉಳಿದ ಮೂರಕ್ಕೆ ಪುಡಿ ಕಲಸಿದ ನೀರು: ಒಂದಕ್ಕೆ ಕಡಿಮೆ, ಒಂದಕ್ಕೆ ಮಧ್ಯಮ, ಕೊನೆಯದಕ್ಕೆ ಹೆಚ್ಚು. ನಾಲ್ಕು ವಾರ ದಿನಾ ಬೆಳಿಗ್ಗೆ ಒಂದೊಂದನ್ನೇ ಹಿಡಿದು, ತುದಿಗೆ ಗುಂಡಗಿರುವ ಬಾಗಿದ ನಳಿಗೆಯನ್ನು ಗಂಟಲಿಗಿಳಿಸಿ ಕುಡಿಸಬೇಕು. ಬೇರೆ ವಿದ್ಯಾರ್ಥಿಗಳು ಕಚ್ಚಿಸಿಕೊಂಡು ಕಿರುಚುತ್ತಿದ್ದರು. ನನಗೆ ಅದು ನೀರು ಕುಡಿದಷ್ಟು ಸಲೀಸು. ಬಿದಿರಿನ ಗೊಟ್ಟದಲ್ಲಿ ಕುರಿಮರಿಗಳಿಗೆ ಔಷಧಿ ಕುಡಿಸಿದ ಕೈ ಇದು. ನಮ್ಮ ಗೈಡ್ ಮೇಡಂ ಎಲ್ಲರೆದುರು ಹೊಗಳಿದಾಗ ನಾನು ಉಬ್ಬಿಹೋಗಿದ್ದೆ.

ಗುರುತಿಗೆ ಇಲಿಗಳ ಮೈಮೇಲೆ ಹಳದಿ ಬಣ್ಣದ ಆಮ್ಲದಲ್ಲಿ ಬೊಟ್ಟು ಇಡುತ್ತೇವೆ. ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲದ ಬುಡಕ್ಕೆ. ಅಪ್ಪ ಕುರಿಗಳ ಸೊಂಟಕ್ಕೆ ಕೆಂಪು ಬಳಿಯುವುದೂ ಇದಕ್ಕೇ. ಹೆಚ್ಚು ಕುಡಿದ ಗುಂಪಿನಲ್ಲಿ ಬಾಲದ ಬುಡದಲ್ಲಿ ಹಳದಿ ಇದ್ದದ್ದನ್ನು ನಾನು ಬಾಲದ್ದು ಎಂದೇ ಕರೆಯುತ್ತಿದ್ದೆ. ಮೊದಲೆರಡು ವಾರ ಅದು ಬಹಳ ಚೂಟಿ, ಪಂಜರದ ಬಾಗಿಲು ತೆರೆದರೆ ನನ್ನ ಕೋಟಿನ ತೋಳು ಹತ್ತುತ್ತಿತ್ತು. ಮೂರನೆಯ ವಾರ ಮಂಕಾಯಿತು. ಮೈಗೂದಲು ಕೆದರಿಕೊಂಡು ಮೂಲೆ ಸೇರಿತು. ವಾರಕ್ಕೊಮ್ಮೆ ಇಡುವ ತೂಕದಲ್ಲಿ ಇಳಿಯಿತು. ಇದನ್ನೆಲ್ಲ ನಾನೇ ನನ್ನ ಕೈಯಾರೆ ಪುಸ್ತಕದಲ್ಲಿ ಬರೆದಿಟ್ಟೆ. ಸತ್ಯ ಬರೆದದ್ದು ಅಷ್ಟರವರೆಗೆ ಮಾತ್ರ.

ಕೊನೆಯ ದಿನ ಎಲ್ಲವನ್ನೂ ಕೊಲ್ಲಬೇಕು. ಅರಿವಳಿಕೆ ಕೊಟ್ಟು, ರಕ್ತ ತೆಗೆದು, ಕೊಯ್ದು ಲಿವರು, ಮೂತ್ರಪಿಂಡ ತೆಗೆದು ನೋಡಬೇಕು. ಮೇಡಂ ಪಾಠಕ್ಕೆ ಹೋಗುತ್ತಾ, 'ನೀನು ಶುರು ಮಾಡಮ್ಮಾ, ನಿನ್ನ ಕೈ ಚೆನ್ನಾಗಿದೆ' ಎಂದರು. ಕೋಣೆಯಲ್ಲಿ ನಾನೊಬ್ಬಳೇ. ಮೊದಲ ಇಲಿಯನ್ನು ಮೇಜಿನ ಮೇಲೆ ತಂದಿಟ್ಟಾಗ ನನಗೇ ಗೊತ್ತಿಲ್ಲದೆ ಕೈ ನೀರಿನ ಬಾಟಲಿಗೆ ಹೋಯಿತು. ಬೆರಳ ತುದಿಯಿಂದ ನಾಲ್ಕು ಹನಿ ಅದರ ಬೆನ್ನಿಗೆ ಚಿಮುಕಿಸಿದೆ. ಇಲಿ ಮೈ ಒದರಿತು. ನನ್ನ ಮೈ ಜುಮ್ಮೆಂದಿತು. ಆಮೇಲೆ ಒಂದನ್ನೂ ನೀರು ಹಾಕದೆ ಮುಟ್ಟಲಿಲ್ಲ. ಇಷ್ಟು ಓದಿದವಳು ಹೀಗೆ ಮಾಡಿದಳೇ ಎಂದರೆ, ಹೌದು, ಮಾಡಿದೆ. ಒಪ್ಪಿಗೆ ಕೇಳದೆ ಕೊಲ್ಲಲು ನನ್ನ ಕೈ ಬರಲಿಲ್ಲ.

ಸಾಲಾಗಿ ಎಲ್ಲವೂ ಒದರಿದವು. ಕೊನೆಯ ಗುಂಪಿನ ಬಾಲದ್ದು ಒದರಲಿಲ್ಲ. ಇನ್ನೊಮ್ಮೆ ಹಾಕಿದೆ. ಮತ್ತೊಮ್ಮೆ ಹಾಕಿದೆ. ಹನಿಗಳು ಅದರ ಕೂದಲ ಮೇಲೆ ಹಾಗೇ ನಿಂತಿದ್ದವು. ಅದು ನನ್ನನ್ನು ನೋಡುತ್ತಾ ಕೂತಿತ್ತು. ಆ ನೋಟವನ್ನು ನಾನು ಇವತ್ತಿಗೂ ಕಣ್ಣು ಮುಚ್ಚದೆಯೇ ನೋಡಬಲ್ಲೆ. ಇದು ಒಲ್ಲೆ ಅನ್ನುತ್ತಿದೆ ಎಂದು ನನ್ನೊಳಗಿನ ಆರನೆಯ ಕ್ಲಾಸಿನ ಹುಡುಗಿ ಅಂದುಕೊಂಡಳು.

ಹೆಚ್ಚುವರಿಗೆಂದು ಇಟ್ಟಿದ್ದ, ಯಾವ ಪುಡಿಯನ್ನೂ ಕಾಣದ ಇಲಿಗಳ ಪಂಜರ ಪಕ್ಕದಲ್ಲೇ ಇತ್ತು. ಅದರಿಂದ ಅದೇ ವಯಸ್ಸಿನ ಒಂದನ್ನು ಎತ್ತಿ, ಬಾಲದ ಬುಡಕ್ಕೆ ಹಳದಿ ಬೊಟ್ಟಿಟ್ಟು, ರಿಜಿಸ್ಟರಿನಿಂದ ಗಾಳಿ ಬೀಸಿ ಒಣಗಿಸಿದೆ. ನೀರು ಹಾಕಿದೆ. ಒದರಿತು. ಅದರ ತೂಕವನ್ನು ಬಾಲದ್ದರ ಲೆಕ್ಕದಲ್ಲಿ ಬರೆದೆ, ಕೊಯ್ದೆ. ನುಣುಪಾದ, ಹೊಳೆಯುವ, ಕೆಂಗಂದು ಲಿವರು. ಬಾಲದ್ದರ ಹೆಸರಿನ ಸೀಸೆಯಲ್ಲಿ ಅದನ್ನೇ ಹಾಕಿ ಮುಚ್ಚಳ ಬಿಗಿದೆ. ಹೆಚ್ಚುವರಿ ಇಲಿಗಳ ಪುಸ್ತಕದಲ್ಲಿ, ಒಂದು ಸತ್ತಿದೆ ಎಂದು ಬರೆದೆ. ನನಗೆ ಆಗ ಹೆದರಿಕೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವಾಯಿತು, ಕಂಬದ ಮರೆಯಲ್ಲಿ ಕುಣಿದಾಡಿದ ದಿನದ ಸಂತೋಷ.

ಬಾಲದ್ದನ್ನು ತೂತು ಮಾಡಿದ ಡಬ್ಬಿಯಲ್ಲಿಟ್ಟು ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಚೀಲ ನೋಡಿ, 'ಅದರಾಗೇನೈತ್ರೀ? ಪರಪರ ಅಂತೈತೆ' ಎಂದಳು. ಕೋಳಿಮರಿ ಎಂದೆ. 'ಒಂದೇ ಮರಿ ಯಾಕೆ ತಂದ್ರಿ, ಕೊರಗಿ ಸಾಯ್ತದೆ' ಎಂದು ಅವಳು ಚನ್ನಗಿರಿಯವರೆಗೂ ನನಗೆ ಬುದ್ಧಿ ಹೇಳಿದಳು.

ಎರಡನೆಯ ದಿನ ಬೆಳಿಗ್ಗೆ ಅದು ಸತ್ತಿತ್ತು. ಒಂದೇ ಇತ್ತಲ್ಲ, ಕೊರಗಿ ಸತ್ತಿತು, ಬಸ್ಸಿನಲ್ಲಿ ಆ ಹೆಂಗಸು ಹೇಳಲಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಕೊಯ್ಯುವ ಕತ್ತರಿ, ಚಿಮಟ ಎರಡೂ ನನ್ನ ಕೋಟಿನ ಜೇಬಿನಲ್ಲೇ ಇದ್ದವು. ಇಪ್ಪತ್ತನಾಲ್ಕು ಕೊಯ್ದ ಕೈಗೆ ಇಪ್ಪತ್ತೈದನೆಯದು ಐದು ನಿಮಿಷದ ಕೆಲಸ. ಕೊಯ್ಯಲಿಲ್ಲ. ಮಂಡಿಯ ಹಿಂದಿನ ಖಾಲಿ ಸೈಟಿನಲ್ಲಿ ಸೌಟಿನಿಂದ ಗುಂಡಿ ತೋಡಿ, ಕರವಸ್ತ್ರ ಸುತ್ತಿ ಹೂತು, ಮೇಲೊಂದು ಚೂರು ಬೆಲ್ಲ ಇಟ್ಟು ಬಂದೆ. ಬಹಳ ಒಳ್ಳೆಯವಳು ನಾನು ಎಂದುಕೊಂಡೆ.

ಫಲಿತಾಂಶಗಳು ಬಂದಾಗ ಮೇಡಂ ಪುಸ್ತಕ ತಿರುವಿ, 'ನೋಡಮ್ಮಾ, ಈ ಒಂದು ಇಲಿಯ ತೂಕ ಮೂರನೇ ವಾರ ಇಳಿದಿತ್ತು. ಕೊನೆಯಲ್ಲಿ ಚೆನ್ನಾಗಿ ಚೇತರಿಸಿಕೊಂಡಿದೆ. ಲಿವರು ಕೂಡ ಸರಿಯಾಗಿದೆ' ಎಂದರು. ನಾನು ಹೂಂ ಎಂದೆ. ಆ ಗುಂಪಿನ ಉಳಿದವುಗಳಲ್ಲಿ ಅಲ್ಪಸ್ವಲ್ಪ ಏರುಪೇರು ಇತ್ತು. ಆದರೆ ಈ ಒಂದು ಸೇರಿ ಸರಾಸರಿ ತೆಗೆದಾಗ, ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಉಳಿಯಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕಂಡ ತೊಂದರೆ ತಾತ್ಕಾಲಿಕ, ಪ್ರಾಣಿ ತಾನಾಗಿಯೇ ಚೇತರಿಸಿಕೊಂಡಿತು ಎಂದು ಪ್ರಬಂಧದಲ್ಲಿ ಬರೆದೆವು. ಚೇತರಿಸಿಕೊಂಡಿತು! ಮಣ್ಣಿನಡಿ ಇರುವ ಜೀವದ ಬಗ್ಗೆ ಆ ಮಾತನ್ನು ಟೈಪ್ ಮಾಡುವಾಗ ಮೊದಲ ಸಲ ನನ್ನ ಬೆರಳು ತಣ್ಣಗಾದವು. ಡಾಕ್ಟರೇಟ್ ಬಂತು, ಹೊನ್ನಾಳಿಯಲ್ಲಿ ಕೆಲಸ ಸಿಕ್ಕಿತು. ಒಂದು ಇಲಿಯಿಂದ ಯಾರಿಗೇನು ಎಂದು ಸುಮ್ಮನಾದೆ.

ನನ್ನ ಅಕ್ಕನನ್ನು ಕೊಟ್ಟಿರುವುದು ನ್ಯಾಮತಿಗೆ. ಭಾವನದು ಅಲ್ಲಿ ಗೊಬ್ಬರದಂಗಡಿ. ಊರು ತಾಲ್ಲೂಕಾದ ಮೇಲೆ ಓಡಾಟ ಹೆಚ್ಚಿ ಅಂಗಡಿಯೂ ಬೆಳೆಯಿತು. ಎರಡು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಹಿಂದಿನ ಕೋಣೆಯಲ್ಲಿ ಅಕ್ಕ ಒಂದು ಡ್ರಮ್ಮಿನ ಮುಂದೆ ಕೂತು, ಬಿಳಿ ಪುಡಿಯನ್ನು ಚಮಚದಿಂದ ಸಣ್ಣ ಸಣ್ಣ ಪಾಕೀಟುಗಳಿಗೆ ತುಂಬುತ್ತಿದ್ದಳು. ಬರಿಗೈ, ಬರಿ ಮೂಗು. ಹಿಟ್ಟಿನ ಗಿರಣಿಯವಳ ಹಾಗೆ ಮೊಣಕೈಯವರೆಗೂ ಬೆಳ್ಳಗಾಗಿತ್ತು. ಏನೇ ಇದು ಎಂದೆ.

'ನಿಂದೇ ಔಷಧಿ ಕಣೇ. ಜೋಳಕ್ಕೆ ಹೊಡೆಯಾದು, ನ್ಯಾನೋ ಸತು' ಎಂದಳು ಅಕ್ಕ, ನಗುತ್ತಾ.

ಅಷ್ಟರಲ್ಲಿ ಹೊರಗೆ ಗಿರಾಕಿಯೊಬ್ಬರು, ಇದು ಮೈಗೇನಾದರೂ ಆಗುತ್ತದೆಯೇ ಎಂದು ಕೇಳುವುದು ಕೇಳಿಸಿತು. ಭಾವ ಎದೆ ಉಬ್ಬಿಸಿಕೊಂಡು, 'ಏನೂ ಆಗಲ್ಲ ಬಿಡ್ರಿ. ನಮ್ಮ ನಾದಿನಿ ಇಲಿಗೆ ಕುಡಿಸಿ ನೋಡಿ ಡಾಕ್ಟರಾದೋರು. ಇಲ್ಲೇ ಅದಾರೆ, ಕೇಳ್ರಿ ಬೇಕಾದ್ರೆ' ಎಂದ. ಆ ರೈತರು ಒಳಗೆ ಇಣುಕಿ, 'ಹೌದೇನ್ರೀ ಮೇಡಂ?' ಎಂದರು. ನಾನು ತಲೆ ಆಡಿಸಿದೆ. ನಾನು ನೋಡಿದ್ದು ಹೊಟ್ಟೆಗೆ ಹಾಕಿದ ಪುಡಿಯನ್ನು, ಉಸಿರಿನ ಮೂಲಕ ಹೋದರೆ ಏನು ಎಂಬುದು ನನಗೆ ಗೊತ್ತೇ ಇಲ್ಲ ಎಂದಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಒಂದು ಮಾತು ಬಿಚ್ಚಿದರೆ ಇನ್ನೊಂದನ್ನೂ ಬಿಚ್ಚಬೇಕಾಗುತ್ತದೆ ಎಂಬ ಹೆದರಿಕೆ. ಅಕ್ಕನಿಗೆ ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದಷ್ಟೇ ಹೇಳಿದೆ. 'ನೀನೇ ಏನೂ ಆಗಲ್ಲ ಅಂತ ಬರ್ದೀಯಲ್ಲ, ಸೆಕೆ ಆಕ್ಕತೆ ಹೋಗೇ' ಎಂದಳು.

ಅಂದಿನಿಂದ ಬಾಲದ್ದು ಮತ್ತೆ ಬಂತು. ತರಗತಿಯಲ್ಲಿ, ಬಸ್ಸಿನಲ್ಲಿ, ಅನ್ನಕ್ಕೆ ನೀರಿಡುವಾಗ, ಬೆನ್ನ ಮೇಲೆ ಹನಿಗಳನ್ನು ಹೊತ್ತುಕೊಂಡು ನನ್ನನ್ನೇ ನೋಡುತ್ತಾ ಕೂತಿರುತ್ತಿತ್ತು. ಉಳಿಸಿದ ಜೀವ ಯಾಕೆ ನನ್ನನ್ನು ಹೀಗೆ ಕಾಡುತ್ತದೆ ಎಂದು ಅರ್ಥವಾಗದೆ ಅದರ ಮೇಲೆಯೇ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಅರ್ಥವಾದದ್ದು ಈ ವರ್ಷ, ಬಿಳಿಚೋಡಿನಲ್ಲಿ. ಮನೆದೇವರ ಪೂಜೆಗೆ ಹೋಗಿದ್ದೆ. ಅಪ್ಪ ನೀರು ಹಾಕಿದ, ಟಗರು ಒದರಲಿಲ್ಲ. ಮೂರು ಸಲ ಹಾಕಿದರೂ ಇಲ್ಲ. ನನಗೆ ಎಷ್ಟೋ ವರ್ಷದ ಮೇಲೆ ಹಳೆಯ ಹಿಗ್ಗು ಉಕ್ಕಿತು. 'ಅದು ಒಲ್ಲೆ ಅಂತೈತೆ, ಬಿಡು ಅಪ್ಪಾ' ಎಂದೆ.

ಅಪ್ಪ ನನ್ನ ಕಡೆ ವಿಚಿತ್ರವಾಗಿ ನೋಡಿದ. ಟಗರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಅದರ ಕಣ್ಣಿನ ಕೆಳರೆಪ್ಪೆ ಜಗ್ಗಿ ತೋರಿಸಿದ. ಒಳಗೆ ಕೆಂಪೇ ಇರಲಿಲ್ಲ, ಸುಣ್ಣದ ಬಿಳಿ.

'ಒಲ್ಲೆ ಅನ್ನಾಕೆ ಅದೇನು ಮನುಷ್ಯನಾ? ಇದಕ್ಕೆ ಒದರಾಕೆ ಕಸುವಿಲ್ಲ ಮಗಳೇ. ಲಿವರಿಗೆ ಹುಳ ಬಿದ್ದೈತೆ. ನೀರು ಹಾಕಿ ನೋಡಾದು ಯಾಕಂದ್ಕಂಡೀ? ರೋಗದ್ದು ದೇವರಿಗೂ ಬ್ಯಾಡ, ತಿನ್ನೋರಿಗೂ ಬ್ಯಾಡ ಅಂತ.'

'ನಾ ಸಣ್ಣಾಕಿ ಇದ್ದಾಗ ಒಂದು ಬಿಟ್ಟಿದ್ಯಲ್ಲ ಅಪ್ಪಾ, ಅದು?' ಎಂದೆ.

'ಅದಾ? ವಾರದಾಗೆ ಸತ್ತೋತು. ಕೊಯ್ದು ನೋಡ್ದೆ, ಲಿವರು ಪೂರ್ತಿ ಕೆಟ್ಟಿತ್ತು. ಉಳಿದವಕ್ಕೆಲ್ಲ ಅವತ್ತೇ ಔಷಧಿ ಕುಡಿಸಿದ್ವಿ, ಬದುಕಿದ್ವು. ಸತ್ತದ್ದನ್ನ ನೋಡ್ದೆ ಹೂಳಿದ್ರೆ ಉಳಿದವಕ್ಕೆ ಏನಾಗೈತೆ ಅಂತ ಗೊತ್ತಾಗಾದು ಹೆಂಗೆ?'

ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ಆರನೆಯ ಕ್ಲಾಸಿಗೇ ಊರು ಬಿಟ್ಟವಳು, ಪದ್ಧತಿಯ ಅರ್ಧವನ್ನು ಮಾತ್ರ ಹೊತ್ತುಕೊಂಡು ಹೋಗಿದ್ದೆ. ಬಾಲದ್ದು ಒಲ್ಲೆ ಎಂದಿರಲಿಲ್ಲ. ಆ ಪುಡಿ ಒಳಗೆ ಏನು ಮಾಡುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ತೋರಿಸಬಹುದಾಗಿದ್ದ ಇಲಿ ಅದೇ ಇರಬೇಕು. ದಯೆ ಎಂದುಕೊಂಡು ನಾನು ಅದೊಂದನ್ನೇ ಆರಿಸಿ ಹೊರಗೆ ತೆಗೆದು, ಅದರ ಜಾಗದಲ್ಲಿ ಆರೋಗ್ಯವಾಗಿದ್ದದ್ದನ್ನು ಕೂರಿಸಿದ್ದೆ. ಅವತ್ತು ನಾನು ಊಟ ಮಾಡಲಿಲ್ಲ. ಅಪ್ಪ ಏನಾಯ್ತೆಂದು ಕೇಳಿದಾಗ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. 'ಪುಸ್ತಕ ನಾನೂ ನೋಡಿದ್ದೆ. ಅಷ್ಟು ಇಳಿದ ತೂಕ ಹೇಗೆ ಏರಿತು ಅಂತ ನಾನು ಕೇಳಬೇಕಿತ್ತು. ನಿನ್ನ ಕೈ ಮೇಲಿನ ನಂಬಿಕೆಯಿಂದ ಕೇಳಲಿಲ್ಲ' ಎಂದರು. ಆಮೇಲೆ, 'ಬರೆದು ಕಳಿಸು. ಪ್ರಬಂಧ ವಾಪಸ್ ತೆಗೆಯಬೇಕಾಗುತ್ತೆ. ಡಿಗ್ರಿ ಉಳಿಯುತ್ತೋ ಇಲ್ಲವೋ ನಾನು ಹೇಳಲಾರೆ' ಎಂದರು. ಆ ಮಾತಿಗೆ ನನಗೆ ಅಳು ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಅಕ್ಕನ ಬಿಳಿ ಮೊಣಕೈ.

ಮಾರನೆಯ ದಿನ ಮಧ್ಯಾಹ್ನ ನ್ಯಾಮತಿಯಲ್ಲಿ ಇಳಿದೆ. ಅಕ್ಕ ಹಿಂದಿನ ಕೋಣೆಯಲ್ಲಿ ಅದೇ ಡ್ರಮ್ಮಿನ ಮುಂದೆ ಇದ್ದಳು. ನನ್ನನ್ನು ನೋಡಿ ಮಾತಾಡಿಸಲು ಹೋಗಿ ಕೆಮ್ಮಿದಳು. ಬರೀ ಕೆಮ್ಮೇ ಇರಬಹುದು, ಹವಾ ಬದಲಾಗಿತ್ತು. ಭಾವನನ್ನೂ ಒಳಗೆ ಕರೆದು, ನಿಂತುಕೊಂಡೇ ಹೇಳಿದೆ. ಮೈ ಒದರದ ಇಲಿ, ಹಳದಿ ಬೊಟ್ಟು, ಊಟದ ಚೀಲ, ಸೌಟು. ಒಂದನ್ನೂ ಬಿಡಲಿಲ್ಲ.

ಭಾವ ಮೊದಲು ನಕ್ಕ. ಆಮೇಲೆ ಮುಖ ಗಂಟು ಹಾಕಿಕೊಂಡು, 'ಒಂದು ಇಲಿಗೆ ಇಷ್ಟೆಲ್ಲಾನಾ? ಅದು ಹಂಗೇ ಸತ್ತಿರಬೌದು. ನಿನ್ನ ಮಾತು ನಂಬ್ಕಂಡು ನಾನು ಈ ಸೀಮೆಗೆಲ್ಲ ಹೇಳೀನಿ. ಈಗ ಯಾವ ಬಾಯಾಗೆ ಇಲ್ಲ ಅಂತ ಹೇಳ್ಲಿ?' ಎಂದು ಕೇಳಿದ.

'ಹಂಗೇ ಸತ್ತಿರಬೌದು ಭಾವಾ. ನಂಗೊತ್ತಿಲ್ಲ. ಗೊತ್ತಿಲ್ಲ ಅನ್ನಾದನ್ನೇ ನೀವು ಹೇಳ್ರಿ. ನೀವು ಹೇಳದಿದ್ರೆ ನಾನು ಬಾಗಿಲಾಗೆ ನಿಂತು ಹೇಳ್ತೀನಿ' ಎಂದೆ. ಅವನು ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಕಪಾಟಿನಿಂದ ಪಾಕೀಟುಗಳನ್ನು ತೆಗೆದು ಚೀಲಕ್ಕೆ ಎಸೆಯುವ ಸದ್ದು ಕೇಳಿಸಿತು.

ಅಕ್ಕ ಚಮಚವನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು, ಹಿತ್ತಲಿನ ನಲ್ಲಿಗೆ ಹೋದಳು. ನಾನೂ ಹಿಂದೆ ಹೋದೆ. ಬಟ್ಟೆ ಸೋಪು ತೆಗೆದುಕೊಂಡು ಕೈ ತೊಳೆಯತೊಡಗಿದಳು. ಬೆರಳಿನ ಸಂದಿ, ಉಗುರಿನ ಬುಡ, ಮೊಣಕೈ. ಒಮ್ಮೆ ತೊಳೆದು ನೋಡಿದಳು, ಮತ್ತೆ ಸೋಪು ಹಚ್ಚಿದಳು. ಮುಖ ತೊಳೆದಳು, ಮೂಗಿಗೆ ನೀರೆಳೆದು ಸೀನಿದಳು. ಹನಿಗಳು ಅವಳ ಕತ್ತಿನ ಮೇಲೆ ನಿಂತಿದ್ದವು. ಎಷ್ಟು ತಡೆದುಕೊಂಡರೂ ನನ್ನ ಕಣ್ಣು ಅಲ್ಲಿಗೇ ಹೋಯಿತು, ಒದರಲಿ, ಒದರಲಿ ಎಂದು ಬೇಡಿಕೊಂಡೆ. ಅವಳು ಒದರಲಿಲ್ಲ, ಸೆರಗಿನಿಂದ ಒರೆಸಿಕೊಂಡಳು.

ಆಮೇಲೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಚಿಕ್ಕಂದಿನಲ್ಲಿ ಊಟಕ್ಕೆ ಮುಂಚೆ ನಾನು ಅವಳಿಗೆ ಹಾಗೇ ತೋರಿಸುತ್ತಿದ್ದೆ.

'ಹೋಯ್ತೇನೇ?' ಎಂದು ಕೇಳಿದಳು. 'ಒಳಗೆ ಹೋಗಿರಾದು ಏನ್ ಮಾಡ್ತತೆ? ನೀನು ಓದಿದಾಕಿ, ನೀನು ಹೇಳು.'

ಅವಳ ಕೈಗಳನ್ನು ಹಿಡಿದುಕೊಂಡೆ. ಅದನ್ನು ಹೇಳಬಹುದಾಗಿದ್ದ ಇಲಿಯನ್ನು, ಕುರಿ ಸಾಕುವವನ ಮಗಳಾಗಿಯೂ, ನಾನು ಕೊಯ್ದು ನೋಡದೆ ಹೂತಿದ್ದೆ.